ಟೇಪಕ್ಕನ ಸೋಮವಾರಗಳು
ಟೇಪಕ್ಕನನ್ನು ಕಂಡು ನಾನೆಷ್ಟು ನಕ್ಕಿದ್ದೇನೋ, ಈಗ ನೆನೆದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಮಕ್ಕಳ ಡಾಕ್ಟರಾಗಬೇಕೆಂದು ಓದುತ್ತಿರುವ ಹುಡುಗಿ ಅವಳು. ಪ್ರೊಫೆಸರರ ಸಂಶೋಧನೆಗೆಂದು ಪ್ರತಿ ಸೋಮವಾರ ನಮ್ಮ ಆಸ್ಪತ್ರೆಗೆ ಬಂದು ಮಕ್ಕಳ ತೋಳಿನ ಸುತ್ತಳತೆ ತೆಗೆಯುತ್ತಾಳೆ. ಕೊರಳಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು, ಬಾಯಲ್ಲಿ ಸದಾ "ಒಂದೇ ನಿಮಿಷ ಅಮ್ಮಾ, ಚೂರೂ ನೋಯಲ್ಲ." ಮಕ್ಕಳು ಸಿಗದಿದ್ದರೆ ಕಾವಲುಗಾರನ ತೋಳನ್ನೂ ಬಿಡುವವಳಲ್ಲ, ಅವಳು ಬಂದರೆ ಕ್ಯಾಂಟೀನಿನವನು ತಾನಾಗಿಯೇ ಅಂಗಿಯ ತೋಳು ಮಡಚುತ್ತಾನೆ. ಚೀಟಿ ಕೊಡುವ ನನ್ನ ಕಿಟಕಿಗೆ ಬಂದು, "ಅಣ್ಣಾ, ಇನ್ನೂರು ಮಕ್ಕಳಾದ್ರೆ ಪ್ರಬಂಧದಲ್ಲಿ ನನ್ನ ಹೆಸರೂ ಇರುತ್ತೆ, ಮೂರನೇದು!" ಎಂದು ಹೇಳದಿದ್ದರೆ ಅವಳಿಗೆ ಉಂಡದ್ದು ಅರಗುವುದಿಲ್ಲ. ಮೊನ್ನೆ ಸೋಮವಾರ ಒಬ್ಬ ತಾಯಿ ಮಗುವಿನ ಅಂಗಿಯ ತೋಳನ್ನು ತಾನೇ ಮೇಲೆತ್ತಿ, "ಇವತ್ತು ಟೇಪು ಸ್ವಲ್ಪ ಬಿಗಿಯಾಗಿ ಹಾಕಿ ಡಾಕ್ಟ್ರೇ. ನಾಲ್ಕು ವಾರದಿಂದ ನಿಮ್ ಹತ್ರಾನೇ ತೋರಿಸ್ತಿದೀನಿ, ಇನ್ನೂ ಗುಣ ಕಾಣ್ತಿಲ್ಲ" ಎಂದಳು. ಟೇಪಕ್ಕ ಪುಸ್ತಕ ತೆರೆದಳು. ವಾರವಾರವೂ ಆ ತೋಳು ಸಣ್ಣದಾಗುತ್ತ ಬಂದದ್ದನ್ನು ಅವಳೇ ಮುತ್ತಿನಂಥ ಅಂಕಿಗಳಲ್ಲಿ ಬರೆದಿಟ್ಟಿದ್ದಳು. ಮಗುವನ್ನು ಎತ್ತಿಕೊಂಡು ನನ್ನ ಕಿಟಕಿಗೆ ಬಂದು, ತಲೆಯೆತ್ತದೆ, "ಅಣ್ಣಾ, ಒಳಗೆ ಡಾಕ್ಟರನ್ನ ನೋಡೋಕೆ ಇವರಿಗೊಂದು ಚೀಟಿ" ಎಂದಳು. ನಾನೂ ತಲೆಯೆತ್ತಲಿಲ್ಲ. ಆ ತಾಯಿ ಚೀಟಿಯಿಲ್ಲದೆ ನನ್ನ ಕಿಟಕಿ ದಾಟಿ ಹೋಗುವುದನ್ನು ನಾಲ್ಕು ಸೋಮವಾರವೂ ನೋಡಿದ್ದೆ. ಟೇಪಕ್ಕನ ಇನ್ನೂರರಲ್ಲಿ ಒಂದು ಎಂದುಕೊಂಡು ಸುಮ್ಮನಿದ್ದೆ.