ಸೊನ್ನೆ ಎಂಟರ ಹಿಂದಿನ ಊರುಗಳು

ಬೆಳಗಿನ ಆರೂವರೆ. ಲಂಡನ್ನಿನ ಈಶಾನ್ಯಕ್ಕೆ, ಬಂದರೂರು ಲೋಸ್ಟಾಫ್ಟಿನ ಸಮುದ್ರದ ಮೇಲೆ ಬೆಳಕು ಇನ್ನೂ ನೀರು ಬೆರೆಸಿದ ಹಾಲಿನಂತಿದೆ. ಸೇತುವೆಯ ಆಚೆ ಮೀನಿಗೆ ಹೊಗೆ ಹಾಕುವ ಮನೆಯಿಂದ ಓಕ್ ಕಟ್ಟಿಗೆಯ ವಾಸನೆ ಮೆಲ್ಲಗೆ ಬೀದಿಗಿಳಿಯುತ್ತಿದೆ. ಮೇವಿಸ್ ಥರ್ಲೋ ಲಾಂಡ್ರಿಯ ಬಾಗಿಲು ತೆರೆದು, ದೀಪ ಹಾಕದೆ, ಹದಿನಾಲ್ಕು ಯಂತ್ರಗಳ ಗಾಜಿನ ಮುಚ್ಚಳಗಳನ್ನು ಒಂದೊಂದಾಗಿ ತೆಗೆದು ಒಳಗೆ ಕೈಯಾಡಿಸುತ್ತಾರೆ. ಒಂದರಲ್ಲಿ ಮಗುವಿನ ಕಾಲುಚೀಲ, ಇನ್ನೊಂದರಲ್ಲಿ ಕೋಟಿನ ಗುಂಡಿ. ಎರಡನ್ನೂ ಕಿಟಕಿಯ ಕಟ್ಟೆಯ ಮೇಲೆ, ಒಡೆಯರಿಗೆ ಕಾಣುವಂತೆ ಇಡುತ್ತಾರೆ. ಮೊದಲ ಒಣಗಿಸುವ ಯಂತ್ರ ಗುಂಯ್ ಎನ್ನತೊಡಗಿದಾಗ ಗಾಜಿನ ಮೇಲೆ ಹಬೆ ಕೂರುತ್ತದೆ. ಬೀದಿ ಕರಗಿ ಕಾಣದಾಗುತ್ತದೆ.

ಅರವತ್ತಮೂರರ ಮೇವಿಸ್ ಈ ಅಂಗಡಿಯಲ್ಲಿ ಬೇರೆಯವರ ಹಾಸಿಗೆ ಬಟ್ಟೆ ಮಡಿಸುತ್ತ ಹತ್ತೊಂಬತ್ತು ವರ್ಷ ಕಳೆದಿದ್ದಾರೆ. ಸಂಬಳ ಬರುವುದು ಆ ಕೆಲಸಕ್ಕೆ. ಆದರೆ ಅರ್ಧ ಊರು ಅವರನ್ನು ಹುಡುಕಿಕೊಂಡು ಬರುವುದು ಬೇರೊಂದು ಕೆಲಸಕ್ಕೆ. ಅದಕ್ಕೆ ಹೆಸರಿಲ್ಲ.

ಎಂಟು ಗಂಟೆಗೆ ನೆವಿಲ್ ಸ್ನೆಲ್ ಒಳಬರುತ್ತಾರೆ. ಒಂದು ಕಾಲದಲ್ಲಿ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಹೊರುತ್ತಿದ್ದವರು, ಈಗ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬರೇ. ಹೆಗಲಲ್ಲಿ ಬಟ್ಟೆಯ ಚೀಲ, ಕಿವಿಯಲ್ಲಿ ಮೊಬೈಲು.

"ಯಾರಿಗೆ ಮಾಡ್ತಿದೀಯ?" ಮೇವಿಸ್ ಕೇಳುತ್ತಾರೆ.

"ಗ್ಯಾಸಿನವರಿಗೆ. ಕಾಯಿಸ್ತಾ ಪಿಟೀಲು ಕೇಳಿಸ್ತಿದಾರೆ. ಚೆನ್ನಾಗೇ ಇದೆ ಕಣೇ."

"ಎಷ್ಟು ಹೊತ್ತಿಂದ?"

"ಮನೆ ಮೆಟ್ಟಿಲು ಇಳಿದಾಗಿಂದ."

"ಇಡೋ ಕೆಳಗೆ, ದಡ್ಡ ಮುದುಕ! ಅಷ್ಟು ದುಡ್ಡಿಗೆ ಪಿಟೀಲಿನವನನ್ನೇ ಮನೆಗೆ ಕರೆಸಬಹುದಿತ್ತು."

ನೆವಿಲ್ ನಗುತ್ತ ಕೆಂಪು ಗುಂಡಿ ಒತ್ತುತ್ತಾರೆ. ಮೇವಿಸ್ ಏಪ್ರನ್ನಿನ ಜೇಬಿನಿಂದ ಒಂದು ಪುಸ್ತಕ ತೆಗೆಯುತ್ತಾರೆ. ಸಮುದ್ರದ ಉಬ್ಬರವಿಳಿತದ ವೇಳೆ ತಿಳಿಸುವ ಹಳೆಯ ಪಂಚಾಂಗ ಅದು. ಅಚ್ಚಾದ ಅಂಕಿಗಳ ಪಕ್ಕದ ಬಿಳಿ ಅಂಚಿನಲ್ಲಿ ಪೆನ್ಸಿಲಿನ ಅಂಕಿಗಳು ಒತ್ತಾಗಿ ಕೂತಿವೆ. ಮೇವಿಸ್ ಓದಿ ಹೇಳುತ್ತಾರೆ, ನೆವಿಲ್ ಒತ್ತುತ್ತಾರೆ. ಆ ಕಡೆ ಯಾರೋ ಎತ್ತುತ್ತಾರೆ. ನೆವಿಲ್ ಬೆರಗಾಗಿ, ಏನು ಕೇಳಬೇಕೆಂದಿದ್ದೆ ಎನ್ನುವುದನ್ನೇ ಒಂದು ಕ್ಷಣ ಮರೆಯುತ್ತಾರೆ.

ಇಲ್ಲಿ ಗ್ಯಾಸಿನವರು, ಬ್ಯಾಂಕಿನವರು, ವಿಮೆಯವರು, ಕೆಲವು ವೈದ್ಯರು ಕೂಡ ಜನರಿಗೆ ಕೊಡುವ ನಂಬರು ಸೊನ್ನೆ ಎಂಟರಿಂದ ಶುರುವಾಗುತ್ತದೆ. ಮನೆಯ ಫೋನಿನಿಂದ ಮಾಡಿದರೆ ಅಷ್ಟೇನೂ ಭಾರವಲ್ಲ. ಮೊಬೈಲಿನಿಂದ ಮಾಡಿದರೆ ನಿಮಿಷಕ್ಕೆ ಮೂವತ್ತೈದು ನಲವತ್ತು ಪೆನ್ಸ್ ಹೋಗುತ್ತದೆ, ಕಾಯಿಸುವ ಹೊತ್ತೂ ಸೇರಿ. ತಿಂಗಳಿಗೆ ಉಚಿತವೆಂದು ಕೊಟ್ಟ ನಿಮಿಷಗಳು ಈ ನಂಬರುಗಳಿಗೆ ನಡೆಯುವುದಿಲ್ಲ. ಲಾಂಡ್ರಿಗೆ ಬರುವವರೆಲ್ಲ ಒಂಟಿ ಕೋಣೆಗಳವರು. ಅವರಿಗೆ ಮನೆಯ ಫೋನಿಲ್ಲ, ಒಗೆಯುವ ಯಂತ್ರವೂ ಇಲ್ಲ. ಹೆಚ್ಚು ಕೊಡಬೇಕಾಗಿ ಬರುವುದು ಅವರಿಗೇ.

"ಒಂದು ವಿಷಯ ಯಾರಿಗೂ ಗೊತ್ತಿಲ್ಲ," ಮೇವಿಸ್ ದಿಂಬಿನ ಚೀಲ ಕೊಡವುತ್ತ ಹೇಳುತ್ತಾರೆ. "ಆ ಸೊನ್ನೆ ಎಂಟು ಅನ್ನೋದು ಬರೀ ಮುಖವಾಡ. ಅದರ ಹಿಂದೆ ಯಾವುದೋ ಊರಿನ ಮಾಮೂಲಿ ನಂಬರ್ ಒಂದು ಇದ್ದೇ ಇರತ್ತೆ. ಸೊನ್ನೆ ಒಂದರದ್ದು. ಇಲ್ಲಾ ಅಂದ್ರೆ ಸೊನ್ನೆ ಮೂರರದ್ದು, ಅದೂ ಮಾಮೂಲಿ ದರವೇ. ಹುಡುಕಬೇಕು ಅಷ್ಟೇ."

ಹುಡುಕುವ ದಾರಿಗಳನ್ನು ಅವರು ತಾವೇ ಕಂಡುಕೊಂಡಿದ್ದಾರೆ. ಬಿಲ್ಲಿನ ಬೆನ್ನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಹೊರದೇಶದಿಂದ ಕರೆ ಮಾಡುವವರಿಗೆಂದು ಬೇರೆ ನಂಬರು ಇರುತ್ತದೆ. ಪರದೇಶದಿಂದ ಸೊನ್ನೆ ಎಂಟು ತಾಗುವುದಿಲ್ಲವಲ್ಲ. ಆ ಬೇರೆ ನಂಬರಿನ ಮುಂದಿರುವ ದೇಶದ ಸಂಕೇತ ನಲವತ್ತನಾಲ್ಕನ್ನು ತೆಗೆದು ಸೊನ್ನೆ ಹಾಕಿದರೆ ಮುಗಿಯಿತು. ಅದೂ ಇಲ್ಲದಿದ್ದರೆ ಹಳೆಯ ಕಾಗದದ ತಲೆಬರಹ. ಅದೂ ಇಲ್ಲದಿದ್ದರೆ ಒಮ್ಮೆ ಕರೆ ತಾಗಿದಾಗ ಆ ಕಡೆಯವರನ್ನೇ ಕೇಳುವುದು. "ಕೊಡಬಾರದು ಅಂತ ಅವರಿಗೆ ಅಪ್ಪಣೆ ಆಗಿರತ್ತೆ. ನಾನು ಮೊದಲು ನಂಬರ್ ಕೇಳೋದೇ ಇಲ್ಲ. ಅಲ್ಲಿ ಮಳೆನಾ ಚಿನ್ನ, ಅಂತ ಕೇಳ್ತೀನಿ. ಪಾಪ, ದಿನವಿಡೀ ಬೈಸಿಕೊಂಡಿರ್ತಾರೆ. ಮಳೆ ಬಗ್ಗೆ ಕೇಳಿದರೆ ಕರಗಿಬಿಡ್ತಾರೆ."

ಅದಕ್ಕೇ ಪಂಚಾಂಗದ ಅಂಚಿನಲ್ಲಿ ನಂಬರಿನ ಜೊತೆ ಹವಾಮಾನವೂ ಇದೆ. ಕರ್ಕಾಲ್ಡಿ: ಮಂಜು, ಹಡಗಿನ ಕೂಗು ಕೇಳಿಸಿತು. ಸ್ವಾನ್ಸಿ: ಕಿಟಕಿಯ ಹೊರಗೆ ಗುಡ್ಡ ಇದೆಯಂತೆ. ಸಂಡರ್ಲೆಂಡ್: ಹುಡುಗಿಗೆ ನೆಗಡಿ. ಮೇವಿಸ್ ಈ ಯಾವ ಊರನ್ನೂ ಕಂಡವರಲ್ಲ. ಮಧ್ಯಾಹ್ನ ಯಂತ್ರಗಳೆಲ್ಲ ಒಟ್ಟಿಗೆ ತಿರುಗುವಾಗ, ಮಡಿಲಲ್ಲಿ ಬೆಚ್ಚಗಿನ ಟವಲು ಇಟ್ಟುಕೊಂಡು ಕೂತರೆ, ಆ ಕಿಟಕಿಗಳು ಒಂದೊಂದಾಗಿ ಕಣ್ಣ ಮುಂದೆ ಹಾದುಹೋಗುತ್ತವಂತೆ. "ನಿದ್ದೆ ಅಲ್ಲ ಅದು. ಎಚ್ಚರವೂ ಅಲ್ಲ."

ಇದೆಲ್ಲ ಶುರುವಾದದ್ದು ತೊಂಬತ್ತೊಂಬತ್ತರ ಡಿಸೆಂಬರಿನ ಒಂದು ಮಧ್ಯಾಹ್ನ. ಗಂಡ ಕ್ಲಿಫರ್ಡ್ ಆಗ ಉತ್ತರ ಸಮುದ್ರದ ಎಣ್ಣೆಬಾವಿಗಳ ಬಳಿ ಕಾವಲಿರುವ ದೋಣಿಯೊಂದರಲ್ಲಿ ಅಡುಗೆಯವರು. ಅಲೆಯೊಂದು ದೋಣಿಯ ಕಿಟಕಿಗಳನ್ನು ಒಡೆದಿದೆ, ಕೆಲವರಿಗೆ ಗಾಯವಾಗಿದೆ ಎಂದು ರೇಡಿಯೋ ಹೇಳಿತು. ಮನೆಯವರು ವಿಚಾರಿಸಲು ಒಂದು ನಂಬರನ್ನೂ ಹೇಳಿತು. ಸೊನ್ನೆ ಎಂಟರದ್ದು. ಬಿರುಗಾಳಿಗೆ ಕಂಬ ಬಿದ್ದು ಮನೆಯ ಫೋನು ಸತ್ತಿತ್ತು. ಮೇವಿಸ್ ಮೊಬೈಲಿನಿಂದ ಮಾಡಿದರು. ಹಾಡು ಬಂತು. ಹಾಡಿನ ನಡುವೆ, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಒಂದು ಹೆಣ್ಣುದನಿ ಬಂತು. ಆಮೇಲೆ ತುಂಬಿಸಿದ್ದ ಹಣ ಮುಗಿದು ಫೋನು ಮೂಕವಾಯಿತು.

"ಮೂಲೆ ಅಂಗಡಿಗೆ ಓಡಿದೆ. ಕಾರ್ಡ್ ತಂದೆ, ಕೆರೆದೆ, ತುಂಬಿಸಿದೆ. ಮತ್ತೆ ಅದೇ ಹಾಡು, ಮೊದಲಿಂದ. ಮತ್ತೆ ಮುಗೀತು. ಅಂಗಡಿಯವನ ಹತ್ರ ಇನ್ನು ಕಾರ್ಡೇ ಇಲ್ಲ. ನನ್ನ ಗಂಡ ಇದಾನೋ ಇಲ್ವೋ ಅಂತ ಕೇಳೋಕೆ ನಾನು ಸಾಲಲ್ಲಿ ನಿಂತಿದೀನಿ. ಆ ಸಾಲು ಕಣ್ಣಿಗೂ ಕಾಣಿಸಲ್ಲ."

ಮನೆಗೆ ಬಂದು ಕ್ಲಿಫರ್ಡರ ಕಾಗದಗಳ ಡ್ರಾಯರನ್ನು ನೆಲಕ್ಕೆ ಸುರಿದರು. ಕೆಲಸಕ್ಕೆ ಸೇರಿದಾಗ ಬಂದಿದ್ದ ಪತ್ರದ ತುದಿಯಲ್ಲಿ ಅಬರ್ಡೀನಿನ ಕಚೇರಿಯ ಒಂದು ಮಾಮೂಲಿ ನಂಬರಿತ್ತು. ಮೊಬೈಲಿನಲ್ಲಿ ಹಣವಿಲ್ಲದ್ದರಿಂದ, ಕೈಗೆ ಸಿಕ್ಕ ಚಿಲ್ಲರೆ ಹಿಡಿದು ಬೀದಿಯ ಕೆಂಪು ಫೋನು ಡಬ್ಬಿಯೊಳಗೆ ನಿಂತು ತಿರುಗಿಸಿದರು. ತಕ್ಷಣ ಒಬ್ಬಾಕೆ ಎತ್ತಿದಳು. ಅಡುಗೆಯವರಾ, ದಡಕ್ಕೆ ಕರೆತಂದಾಯ್ತು, ಇಲ್ಲೇ ಕಂಬಳಿ ಹೊದ್ದು ಕೂತಿದಾರೆ, ನಮ್ಮ ಟೀ ಸರಿಯಿಲ್ಲ ಅಂತಿದಾರೆ, ಎಂದಳು. ಆಕೆಯ ಕೋಣೆಯ ಹೊರಗೆ ಹಿಮ ಬೀಳುತ್ತಿತ್ತಂತೆ. ಅದನ್ನೂ ಆಕೆಯೇ ಹೇಳಿದ್ದು.

ಕ್ಲಿಫರ್ಡ್ ಈಗ ಮೊಣಕಾಲು ನೋವಿನಿಂದ ಮನೆಯಲ್ಲೇ ಇರುತ್ತಾರೆ. "ನಾನು ಬದುಕಿದ ಖುಷಿಗಿಂತ ಇವಳಿಗೆ ನಂಬರ್ ಸಿಕ್ಕ ಖುಷಿನೇ ಜಾಸ್ತಿ," ಎಂದು ಹೆಂಡತಿಯನ್ನು ಕೆಣಕುತ್ತಾರೆ. "ಇವತ್ತಿಗೂ ಹಾಗೇ."

ತಪ್ಪೂ ಆಗಿದೆ. ಒಮ್ಮೆ ವಿಮೆಯವರ ನಂಬರಿನಲ್ಲಿ ಎರಡು ಅಂಕಿ ಅದಲುಬದಲಾಗಿ, ಮೂರು ವಾರ ಲೋಸ್ಟಾಫ್ಟಿನವರೆಲ್ಲ ಲೆಸ್ಟರಿನ ಒಬ್ಬ ವೃದ್ಧರ ಮನೆಗೆ ಕರೆ ಮಾಡಿದರು. ವಿಷಯ ತಿಳಿದು ಮೇವಿಸ್ ಕ್ಷಮೆ ಕೇಳಲು ಮಾಡಿದಾಗ ಆತ, "ಸರಿ ಮಾಡೋಕೇನೂ ಅವಸರ ಇಲ್ಲಮ್ಮ. ನಿನ್ನೆ ಒಬ್ಬಾಕೆ ಕಾರಿನ ಬಗ್ಗೆ ಕೇಳಿದಳು, ಅರ್ಧ ಗಂಟೆ ಮಾತಾಡಿದ್ವಿ," ಎಂದರಂತೆ. ಮೇವಿಸ್ ಅಂಕಿಗಳನ್ನು ಸರಿಮಾಡಿದರು. ಆತನ ನಂಬರನ್ನು ಅಳಿಸಲಿಲ್ಲ.

ಕಳೆದ ತಿಂಗಳ ಒಂದು ಬೆಳಗ್ಗೆ ಮಾತ್ರ ಪಂಚಾಂಗ ಕೈಕೊಟ್ಟಿತು. ಏಳು ಗಂಟೆಯ ಸುಮಾರಿಗೆ ಇಡಾಲಿನಾ ಬಾಗಿಲು ತಳ್ಳಿಕೊಂಡು ಒಳಬಂದಳು. ಕೋಳಿ ಕಾರ್ಖಾನೆಯಲ್ಲಿ ದುಡಿಯುವ ಪೋರ್ಚುಗಲ್ಲಿನ ಹೆಂಗಸು, ಪ್ರತಿ ಬುಧವಾರದ ಗಿರಾಕಿ. ಅಂದು ಕೈಯಲ್ಲಿ ಬಟ್ಟೆಯಿರಲಿಲ್ಲ. ಹಿಂದಿನ ದಿನ ತಲೆಗೆ ಕಟ್ಟಿದ್ದ ಕಾರ್ಖಾನೆಯ ಬಿಳಿ ಜಾಲರಿ ಹಾಗೇ ಇತ್ತು.

"ಮೇವಿಸ್, ಅಮ್ಮ ಬಂದಿಲ್ಲ."

ತಾಯಿ ಎರ್ಮೆಲಿಂಡಾ ಊರಿನಿಂದ ಬಸ್ಸು ಹತ್ತಿ ಎರಡು ದಿನವಾಗಿತ್ತು. ಎಪ್ಪತ್ತನಾಲ್ಕು ವರ್ಷ, ಮೊದಲ ಪರದೇಶದ ಪಯಣ. ಇಂಗ್ಲಿಷಿನ ಒಂದು ಪದವೂ ಬಾರದು, ಮೊಬೈಲೂ ಇಲ್ಲ. ಹಿಂದಿನ ಸಂಜೆ ಲಂಡನ್ನಿನಲ್ಲಿ ಮಗಳು ಕಾದು ನಿಂತಿದ್ದಾಗ ಬಸ್ಸು ಬಂತು. ಅಮ್ಮನ ಪೆಟ್ಟಿಗೆಯೂ ಇಳಿಯಿತು. ಅಮ್ಮ ಇಳಿಯಲಿಲ್ಲ. ಚಾಲಕ ಬದಲಾಗಿದ್ದ, ಅವನಿಗೇನೂ ಗೊತ್ತಿರಲಿಲ್ಲ. ಬಸ್ಸಿನವರ ನಂಬರಿಗೆ ಮಾಡಿ ಮಾಡಿ ಇಡಾಲಿನಾ ಫೋನಿಗೆ ತುಂಬಿಸಿದ್ದ ಹಣವೆಲ್ಲ ಹಾಡಿಗೆ ಹೋಗಿತ್ತು.

"ಪೊಲೀಸರು ಏನಂದ್ರು?"

"ಬರ್ಕೊಂಡ್ರು. ಕಾಯಿ ಅಂದ್ರು. ಮನೆಗೆ ಬಂದ್ರೂ ಬಂದಿರಬಹುದು ಅಂತ ಓಡಿಬಂದೆ. ಇಲ್ಲ. ಫೋನಲ್ಲಿ ಒಂದು ಪೆನ್ನಿ ಇಲ್ಲ ಮೇವಿಸ್, ಒಂದು ಪೆನ್ನಿ!"

"ಹಣ ಇಲ್ಲ ಸರಿ. ಉಚಿತ ನಿಮಿಷ?"

"ಮುನ್ನೂರೂ ಹಾಗೇ ಇದೆ. ಅದು ಈ ನಂಬರಿಗೆ ನಡೆಯಲ್ವಲ್ಲ!"

ಮೇವಿಸ್ ಪಂಚಾಂಗ ತಿರುವಿದರು. ಆ ಬಸ್ಸಿನವರ ಹೆಸರಿರಲಿಲ್ಲ. ಆ ಡಿಸೆಂಬರಿನಲ್ಲಿ ಕೆರೆದ ಕಾರ್ಡಿನ ಪುಡಿ ಇನ್ನೂ ಉಗುರಿನಲ್ಲಿ ಸಿಕ್ಕಿಕೊಂಡಂತೆ ಅನ್ನಿಸಿತಂತೆ. "ಟಿಕೆಟ್ ಕೊಡು ಮಗಳೇ. ಕಾಗದ ಯಾವುದಾದ್ರೂ ಕೊಡು." ಗ್ರಂಥಾಲಯದ ಕಂಪ್ಯೂಟರಿನಲ್ಲಿ ಟಿಕೆಟ್ ತೆಗೆದಾಗ ಮುದ್ರಿಸಿಕೊಂಡ ಹಾಳೆ ಇಡಾಲಿನಾಳ ಚೀಲದ ತಳದಲ್ಲಿ ಮುದ್ದೆಯಾಗಿ ಬಿದ್ದಿತ್ತು. ಇಸ್ತ್ರಿ ಮೇಜಿನ ಮೇಲೆ ಹರಡಿ, ಕನ್ನಡಕದ ಮೇಲೆ ನೆವಿಲ್ ಮರೆತು ಹೋಗಿದ್ದ ಭೂತಗನ್ನಡಿ ಹಿಡಿದು ನೋಡಿದರು. ಕಟ್ಟಕಡೆಯ ಸಾಲಿನಲ್ಲಿ, ಇರುವೆಯಷ್ಟು ಅಕ್ಷರದಲ್ಲಿ, ಹೊರದೇಶದವರಿಗೆಂದು ಒಂದು ನಂಬರಿತ್ತು.

"ನಲವತ್ತನಾಲ್ಕು ಬಿಡು. ಸೊನ್ನೆ ಹಾಕು. ಒಂದು, ಮೂರು, ಸೊನ್ನೆ, ನಾಲ್ಕು... ಇದು ಡೋವರ್ ಕಣೇ. ಬಂದರಿನ ಊರು."

ಒಣಗಿಸುವ ಯಂತ್ರವನ್ನು ಮೇವಿಸ್ ನಿಲ್ಲಿಸಿದರು. ಅಂಗಡಿ ನಿಶ್ಶಬ್ದವಾಯಿತು. ಹಾಡು ಬರಲಿಲ್ಲ. ಗಂಡಸೊಬ್ಬ ಎತ್ತಿದ. ಇಡಾಲಿನಾ ಫೋನನ್ನು ಮೇವಿಸ್ ಕೈಗಿತ್ತಳು.

"ಒಬ್ಬ ಅಜ್ಜಿ," ಎಂದರು ಮೇವಿಸ್. "ಪೋರ್ಚುಗಲ್ಲಿನವರು. ಒಬ್ಬರೇ."

"ಕಪ್ಪು ಶಾಲು? ಕೈಯಲ್ಲಿ ಬುಟ್ಟಿ?"

"ಕಪ್ಪು ಶಾಲು, ಬುಟ್ಟಿ," ಎಂದು ಮೇವಿಸ್ ಕೇಳಿ ಮುಗಿಸುವ ಮೊದಲೇ ಇಡಾಲಿನಾ ತಲೆಯಾಡಿಸುತ್ತ ಅಳುತ್ತಿದ್ದಳು.

ಬಸ್ಸನ್ನೂ ಹೊತ್ತು ಸಮುದ್ರ ದಾಟುವ ಹಡಗಿನಲ್ಲಿ ಅಜ್ಜಿಗೆ ವಾಂತಿಯಾಗಿ ಶೌಚಾಲಯದಲ್ಲೇ ಕೂತಿದ್ದಾಗ ಬಸ್ಸು ದಡಕ್ಕಿಳಿದು ಹೊರಟುಹೋಗಿತ್ತು. ಮಗಳ ವಿಳಾಸ, ನಂಬರು ಎಲ್ಲ ಪೆಟ್ಟಿಗೆಯಲ್ಲಿ. ಡೋವರಿನ ಬಸ್ಸಿನವರು ಆಕೆಯನ್ನು ಚಾಲಕರ ವಿಶ್ರಾಂತಿ ಕೋಣೆಯಲ್ಲಿ ಮಲಗಿಸಿ, ಸೂಪು ಕುಡಿಸಿದ್ದರು. "ಊರು ಯಾವುದು ಅಂತ ಕೇಳಿ ಕೇಳಿ ಸಾಕಾಯ್ತು," ಎಂದ ಆತ. "ಲೌಷ್ಟಫ್ತಾ ಲೌಷ್ಟಫ್ತಾ ಅಂತಾರೆ. ಭೂಪಟದಲ್ಲಿ ಹುಡುಕಿದ್ವಿ, ಎಲ್ಲೂ ಇಲ್ಲ. ತಡೀರಿ, ಕೊಡ್ತೀನಿ."

ಲೋಸ್ಟಾಫ್ಟ್ ಅಜ್ಜಿಯ ಬಾಯಲ್ಲಿ ಹಾಗಾಗಿತ್ತು. ಆಮೇಲೆ ಆ ಕಡೆಯಿಂದ ಬಂದ ಅಜ್ಜಿಯ ಮಾತು ಮೇವಿಸ್‌ಗೆ ಅರ್ಥವಾಗಲಿಲ್ಲ. ಬೈಗುಳದಂತೆ ಕೇಳಿಸಿತಂತೆ. ಇಡಾಲಿನಾ ಫೋನನ್ನು ಎರಡು ಕೈಯಲ್ಲಿ ಹಿಡಿದು ಯಂತ್ರಕ್ಕೆ ಒರಗಿ ನೆಲದ ಮೇಲೆ ಕೂತಳು. ಅಳುತ್ತಲೇ ನಗತೊಡಗಿದಳು.

"ಏನಂತೆ?"

"ಕಾರ್ಖಾನೆ ಬಿಟ್ಟು ಯಾಕೆ ಕೂತಿದೀಯ, ಕೆಲಸ ಹೋಗತ್ತೆ ಅಂತ ಬೈತಿದಾಳೆ!"

ಅವರು ನಲವತ್ತು ನಿಮಿಷ ಮಾತಾಡಿದರು. ಮೇವಿಸ್ ಯಂತ್ರವನ್ನು ಮತ್ತೆ ಹಾಕದೆ, ಒದ್ದೆ ಬಟ್ಟೆಗಳ ನಡುವೆ ಸುಮ್ಮನೆ ನಿಂತು ಕೇಳಿಸಿಕೊಂಡರು. ಮರುದಿನ ಇಡಾಲಿನಾ ಡೋವರಿಗೇ ಹೋಗಿ ತಾಯಿಯನ್ನು ಕರೆತಂದಳು.

ಈಗ ಪಂಚಾಂಗದಲ್ಲಿ ನಾನೂರ ಹದಿಮೂರು ನಂಬರುಗಳಿವೆ. ದಿನಕ್ಕೆ ಹತ್ತು ಹನ್ನೆರಡು ಮಂದಿ ಕೇಳಿ ಬರುತ್ತಾರೆ. ಕಂಪನಿಗಳು ಊರು ಬದಲಿಸುತ್ತವೆ, ನಂಬರುಗಳು ಸಾಯುತ್ತವೆ. ಶುಕ್ರವಾರಗಳಲ್ಲಿ ಮೇವಿಸ್ ತಮ್ಮ ನಿಮಿಷಗಳಿಂದಲೇ ಒಂದೊಂದಕ್ಕೂ ಮಾಡಿ, ಉಸಿರಿದೆಯೇ ಎಂದು ನೋಡುತ್ತಾರೆ. ಇಂಟರ್ನೆಟ್ಟಿನಲ್ಲಿ ಇಂಥ ಪಟ್ಟಿಗಳಿವೆಯಲ್ಲ ಎಂದರೆ, "ಇರಲಿ, ಒಳ್ಳೇದೇ. ಇಲ್ಲಿಗೆ ಬರೋರ ಹತ್ರ ಇಂಟರ್ನೆಟ್ ಇಲ್ಲ, ನಾನಿದೀನಿ," ಎನ್ನುತ್ತಾರೆ.

ಬುಧವಾರ ಎರ್ಮೆಲಿಂಡಾ ಕೂಡ ಮಗಳ ಬಟ್ಟೆ ಹೊತ್ತು ಬರುತ್ತಾರೆ. ಊರಿನಿಂದ ತಂದ ಹಣ್ಣಿನ ಗಟ್ಟಿ ಪಾಕವನ್ನು ಚಾಕುವಿನಲ್ಲಿ ಕೊಯ್ದು ಮೇವಿಸ್‌ಗೆ ಕೊಡುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಹಾಸಿಗೆ ಬಟ್ಟೆಯ ಎರಡು ತುದಿ ಹಿಡಿದು, ಹತ್ತಿರ ಬಂದು, ದೂರ ಸರಿದು ಮಡಿಸುತ್ತಾರೆ.

ನಿಮಗಾಗಿ ಏನು ಬೇಕು ಎಂದು ಕೇಳಿದರೆ ಮೇವಿಸ್ ಕಿಟಕಿಯ ಬಳಿ ಹೋಗುತ್ತಾರೆ. ಇಷ್ಟು ನಂಬರುಗಳಿರುವ ಈ ಲಾಂಡ್ರಿಯಲ್ಲಿ ಒಂದು ಫೋನಿಲ್ಲ. ಒಗೆಯುವ ಅಂಗಡಿಗೆ ಯಾಕೆ ಎನ್ನುತ್ತಾರಂತೆ ಮಾಲೀಕರು.

"ಗಾಜಿನ ಮೇಲೆ ಒಂದು ನಂಬರ್ ಬರೆಸಬೇಕು. ನಮ್ಮೂರದ್ದೇ, ಮಾಮೂಲಿದು, ದೊಡ್ಡ ಅಕ್ಷರದಲ್ಲಿ," ಎನ್ನುತ್ತ ಹಬೆಗಟ್ಟಿದ ಗಾಜನ್ನು ಅಂಗೈಯಿಂದ ಒರೆಸುತ್ತಾರೆ. "ಯಾರಾದ್ರೂ ಮಾಡಿದ್ರೆ ಎತ್ತಿ, ಮೇವಿಸ್ ಮಾತಾಡ್ತಿರೋದು, ಹೇಳಿ ಅಂತೀನಿ. ಅಷ್ಟೇ."