ರಾಟೆಮನೆಯಲ್ಲಿ ಕೇಳಿದ ಹಾಡುಗಳು

ಲಮೆಕ್ ಕಫುಲ ಇಪ್ಪತ್ತಾರು ವರ್ಷ ಒಂದೇ ಕುರ್ಚಿಯಲ್ಲಿ ಕೂತು ದುಡಿದ ಮನುಷ್ಯ. ಕಲುಂಗುವಿನ ತಾಮ್ರದ ಗಣಿಬಾಯಿಯ ಪಕ್ಕದಲ್ಲಿ ತಗಡಿನ ಕಟ್ಟಡವೊಂದಿತ್ತು, ರಾಟೆಮನೆ ಎನ್ನುತ್ತಿದ್ದರು. ಅದರೊಳಗೆ ಆನೆಗಾತ್ರದ ಉರುಳೆ, ಉರುಳೆಗೆ ಸುತ್ತಿದ ಉಕ್ಕಿನ ಹಗ್ಗ, ಹಗ್ಗದ ತುದಿಯಲ್ಲಿ ಜನರನ್ನು ಪಾತಾಳಕ್ಕಿಳಿಸುವ ಪಂಜರ. ಕೆಳಗಿನಿಂದ ಗಂಟೆ ಮೂರು ಸಲ ಬಡಿದರೆ ಪಂಜರದೊಳಗೆ ಮನುಷ್ಯರಿದ್ದಾರೆಂದು ಅರ್ಥ. ಎರಡು ಬಂದರೆ ಇಳಿಸಬೇಕು, ಒಂದು ಬಂದರೆ ನಿಲ್ಲಿಸಬೇಕು. ಮುಂದಿನ ಪಾಳಿಯವನು ಬಂದು ಭುಜ ಮುಟ್ಟುವ ತನಕ ಕುರ್ಚಿ ಬಿಟ್ಟೇಳುವಂತಿರಲಿಲ್ಲ. ಉಚ್ಚೆಗೂ ಏಳುವಂತಿರಲಿಲ್ಲ. ಚಾಲಕನನ್ನು ಯಾರೂ ಮಾತಾಡಿಸಕೂಡದೆಂದು ಬಾಗಿಲ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು.

ಆ ಮೌನ ತಡೆಯಲಾಗದೆ ಲಮೆಕ್ ಒಂದು ಕಳ್ಳತನ ಕಲಿತ. ಊಟದ ಡಬ್ಬಿಯಲ್ಲಿ ಅಂಗೈಯಗಲದ ರೇಡಿಯೊ ಅಡಗಿಸಿ, ಕೋಟಿನ ತೋಳಿನೊಳಗಿಂದ ತಂತಿ ಎಳೆದು ಎಡಗಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಎಡಗಿವಿ ಹಾಡಿಗೆ, ಬಲಗಿವಿ ಗಂಟೆಗೆ. ಕೇಳಿದ ಹಾಡನ್ನೆಲ್ಲ ಮನೆಗೆ ಬಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದ: ಕ್ರಮಸಂಖ್ಯೆ, ತಾರೀಕು, ಹೊತ್ತು, ಹಾಡಿನ ಮೊದಲ ಸಾಲು. ಮನೆಯಲ್ಲಿ ಕೇಳಿದ್ದೂ, ಮದುವೆಗಳಲ್ಲಿ ಕೇಳಿದ್ದೂ ಅದರಲ್ಲೇ ಸೇರುತ್ತಿದ್ದವು. ನಿವೃತ್ತನಾಗುವ ಹೊತ್ತಿಗೆ ಹದಿನಾಲ್ಕು ಪುಸ್ತಕ ತುಂಬಿ, ಕೊನೆಯ ಸಂಖ್ಯೆ ಹನ್ನೊಂದು ಸಾವಿರದ ಮುನ್ನೂರನಲವತ್ತಕ್ಕೆ ಬಂದು ನಿಂತಿತ್ತು.

ಗಣಿಕೇರಿಯಲ್ಲಿ ನಾಲ್ಕು ಪುಟದ ವಾರಪತ್ರಿಕೆ ನಡೆಸುತ್ತಿದ್ದ ಮುಸೋಲೆ ಎಂಬ ಹುಡುಗಿ ಅವನ್ನು ಕಂಡವಳೇ ಹಿಗ್ಗಿಹೋದಳು.

"ಶಿಕುಲು, ಇದು ಚಿನ್ನ ಕಣ್ರೀ!" ಎಂದಳು. ಆ ಸೀಮೆಯಲ್ಲಿ ಹಿರಿಯರನ್ನೆಲ್ಲ ಶಿಕುಲು, ಅಂದರೆ ಅಜ್ಜ ಎಂದೇ ಕರೆಯುವುದು. "ಓದುಗರು ಬಾಯಿಗೆ ಬಂದ ಅಂಕಿ ಕಳಿಸ್ಲಿ. ಆ ಅಂಕಿಯ ಹಾಡು ಯಾವ್ದು, ಕೇಳಿದಾಗ ನೀವೇನು ಮಾಡ್ತಿದ್ರಿ, ಬರೀರಿ. ಪುಸ್ತಕದ ಆ ಸಾಲಿನ ಫೋಟೋ ನಾನು ಹಾಕ್ತೀನಿ."

"ಯಾವ ಅಂಕಿ ಬಂದ್ರೂ ಬರೀತೀನಿ. ಹಿಂದುಮುಂದು ನೋಡೋನಲ್ಲ," ಎಂದ ಲಮೆಕ್. ಹೊಗಳಿಕೆಗೆ ಉಬ್ಬಿ ಆಡಿದ ಮಾತು. ಮುಸೋಲೆ ಅದನ್ನೇ ಅಂಕಣದ ನೆತ್ತಿಯ ಮೇಲೆ ಅಚ್ಚು ಹಾಕಿಸಿದಳು.

ಶನಿವಾರ ಬಂತೆಂದರೆ ಕೇರಿಯಲ್ಲಿ ಅದೇ ಸುದ್ದಿ. ಮಗಳು ನ್ಕಂಡು ಹುಟ್ಟಿದ ದಿನದ ರುಂಬಾ ಕುಣಿತದ ಹಾಡು, ಹೆಂಡತಿ ಮುನಿದು ತವರಿಗೆ ಹೋದಾಗ ಕೇಳಿದ ಹಾಡು, ಹೀಗೆ ಅವನ ಬಾಳು ಚೂರುಚೂರಾಗಿ ಹೊರಬರತೊಡಗಿತು. ರಾಟೆಮನೆಯಲ್ಲಿ ಕೇಳಿದ್ದೇನಾದರೂ ಸಿಕ್ಕಿಬಿದ್ದರೆ ಮನೆಯಲ್ಲಿ ಕೇಳಿದ್ದೆಂದು ಬರೆಯುತ್ತಿದ್ದ. ಅವನ ಹಳೆಯ ಪಾಳಿ ಯಾರಿಗೆ ನೆನಪಿದ್ದೀತು?

ಎಲ್ಲರಿಗಿಂತ ಹೆಚ್ಚು ಓದುತ್ತಿದ್ದವನು ಡಾಮ್ಸನ್ ನ್ಜಿಮಾ, ಪಂಜರದಲ್ಲಿ ಇಳಿದು ದುಡಿದ ಹಳಬ. ಅವನು ನ್ಗೋನಿ, ಲಮೆಕ್ ಬೆಂಬಾ. ಈ ಎರಡು ಕುಲದವರು ಸಾವಿನ ಮನೆಯಲ್ಲೂ ಬೈದಾಡಿಕೊಂಡೇ ನಗಬೇಕೆಂಬುದು ಅಲ್ಲಿಯ ಸಲಿಗೆ.

"ಏ ಮಂಗ ತಿನ್ನೋನೇ!" ಎಂದು ಬೇಲಿಯಾಚೆಯಿಂದಲೇ ಕೂಗುತ್ತಿದ್ದ ನ್ಜಿಮಾ. "ನಿನ್ ಹಾಡಿಗೆ ನಮ್ಮನೆ ಕೋಳಿ ಮೊಟ್ಟೆ ಇಡೋದೇ ಬಿಟ್ಟಿದೆ!"

"ಇಲಿ ತಿನ್ನೋರ ಮನೇಲಿ ಕೋಳಿ ಬೇರೆ ಇದ್ಯಾ?" ಎನ್ನುತ್ತಿದ್ದ ಲಮೆಕ್.

ಅಂಕಣ ಶುರುವಾಗಿ ಏಳನೆಯ ತಿಂಗಳು. ಒಂದು ಸೋಮವಾರ ಮುಸೋಲೆ ಕಳಿಸಿದ ಚೀಟಿಯಲ್ಲಿ ಒಂದೇ ಅಂಕಿಯಿತ್ತು: 6208. ಬೇರೆ ಊರಿನ ನರ್ಸೊಬ್ಬಳು ತನ್ನ ಫೋನಿನ ಕೊನೆಯ ನಾಲ್ಕು ಅಂಕಿ ಕಳಿಸಿದ್ದಳು, ಅಷ್ಟೇ. ಪುಸ್ತಕ ತೆಗೆಯದೆಯೇ ಅದು ಯಾವುದೆಂದು ಲಮೆಕನಿಗೆ ಗೊತ್ತಿತ್ತು.

1991ರ ಜುಲೈ ಹದಿನಾರು, ಮಧ್ಯಾಹ್ನ ಮೂರು ಇಪ್ಪತ್ತು. ಬಸ್ಸು ತಪ್ಪಿಸಿಕೊಂಡ ಗಂಡನೊಬ್ಬನ ತಮಾಷೆಯ ಹಾಡು ಎಡಗಿವಿಯಲ್ಲಿತ್ತು. ಹದಿನೆಂಟು ಜನರನ್ನು ಹೊತ್ತ ಪಂಜರ ಇಳಿಯುತ್ತಿತ್ತು. ಗಂಟೆಯೊಂದು ಬಡಿಯಿತು. ಒಂದೋ, ಎರಡೋ? ಇನ್ನೊಂದು ಬಡಿದೀತೆಂದು ಅವನು ಒಂದು ಉಸಿರಿನಷ್ಟು ಹೊತ್ತು ಕಾದನೋ ಏನೋ, ಬ್ರೇಕು ಒತ್ತಿದ. ಪಂಜರ ಜಗ್ಗಿ, ತನ್ನನ್ನು ನೆಟ್ಟಗೆ ಹಿಡಿದಿದ್ದ ಪಕ್ಕದ ಹಳಿಯಿಂದ ಜಾರಿ, ಎರಡು ಅಂತಸ್ತಿನ ನಡುವೆ ಕಚ್ಚಿಕೊಂಡಿತು. ಬಿಡಿಸಲು ಒಂಬತ್ತು ಗಂಟೆ ಬೇಕಾಯಿತು. ಅಷ್ಟರಲ್ಲಿ ಉಬ್ಬಸವಿದ್ದ ಸಿಕಾಜ್ವೆ ಎಂಬ ಕೆಲಸಗಾರ ಒಳಗೇ ಉಸಿರು ಕಟ್ಟಿ ಸತ್ತಿದ್ದ. ಹಳಿ ಸವೆದಿತ್ತು, ಚಾಲಕನ ತಪ್ಪಿಲ್ಲ ಎಂದಿತು ವಿಚಾರಣೆ. ಡಬ್ಬಿಯೊಳಗಿನ ರೇಡಿಯೊ ಬಗ್ಗೆ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಸಿಕ್ಕಿಕೊಂಡ ಹದಿನೆಂಟು ಜನರಲ್ಲಿ ನ್ಜಿಮಾನೂ ಒಬ್ಬ.

ಆ ಸಾಲಿನ ಫೋಟೋ ಪತ್ರಿಕೆಯಲ್ಲಿ ಬಂದರೆ ಮುಗಿಯಿತು. ಆ ತಾರೀಕು, ಆ ಹೊತ್ತು ಕೇರಿಗೆಲ್ಲ ಬಾಯಿಪಾಠ. ವರ್ಷವರ್ಷವೂ ಚರ್ಚಿನಲ್ಲಿ ಅದಕ್ಕೆ ಪ್ರಾರ್ಥನೆಯಿತ್ತು.

ಹೆಂಡತಿ ಅಂಗಳದಲ್ಲಿ ಇದ್ದಿಲ ಒಲೆಯ ಮೇಲೆ ಒಣಮೀನು ಹುರಿಯುತ್ತಿದ್ದಳು. ಅವನು ಚೀಟಿ ಹಿಡಿದುಕೊಂಡು ಪಕ್ಕದಲ್ಲಿ ಕುಕ್ಕರುಬಡಿದ. ಎಲ್ಲ ಹೇಳಿದ.

ಅವಳು ಸೌಟು ಕೆಳಗಿಟ್ಟಳು. "ಇಷ್ಟು ವರ್ಷ ನನ್ ಹತ್ರಾನೂ ಬಾಯಿ ಬಿಡ್ಲಿಲ್ಲ ನೀನು."

"ಹೇಳಿದ್ರೆ ನಿಂಗೂ ಹೊರೆ ಆಗ್ತಿತ್ತು, ಬಾನಾ ನ್ಕಂಡು," ಎಂದ. ಮಗಳ ಹೆಸರು ಹಿಡಿದು, ನ್ಕಂಡುವಿನ ತಾಯಿ ಎಂದೇ ಅವಳನ್ನು ಕರೆಯುವುದು.

"ಈಗ ಏನಾಗಿದೆ, ಹತ್ತಿ ಮೂಟೇನಾ? ಪುಟ ಹರ್ದು ಒಲೆಗೆ ಹಾಕು. ಇಲಿ ತಿಂದ್ಬಿಡ್ತು ಅನ್ನು."

"ನ್ಜಿಮಾ ತಿಂದ ಅಂತಾರೆ," ಎಂದ. ಇಬ್ಬರಿಗೂ ನಗು ಬರಲಿಲ್ಲ.

ಹರಿಯಲು ಅವನು ಎರಡು ಸಲ ಪುಟ ಹಿಡಿದ. ಆ ಸಾಲಿನ ಕೆಳಗೆ ಹಾಳೆ ಖಾಲಿಯಿತ್ತು. ಮುಂದಿನ ಹಾಡು ಬರೆದದ್ದು ಹನ್ನೊಂದು ತಿಂಗಳ ಮೇಲೆ. ಆ ಖಾಲಿ ಜಾಗ ನೋಡುತ್ತ ಕೂತವನಿಗೆ ಕೈ ಬರಲಿಲ್ಲ. ಬುಧವಾರ ಬೆಳಿಗ್ಗೆ, ಇದ್ದದ್ದನ್ನು ಇದ್ದ ಹಾಗೆ ಬರೆದು ಮುಸೋಲೆಗೆ ಕೊಟ್ಟ. ಅವಳು ಕೊನೆಯವರೆಗೂ ಓದಿ, ಮತ್ತೆ ಮೊದಲಿನಿಂದ ಓದಿದಳು.

"ಹಾಕ್ಲಾ, ಶಿಕುಲು?"

"ಹಿಂದುಮುಂದು ನೋಡಲ್ಲ ಅಂತ ಮೇಲ್ಗಡೆ ನೀನೇ ಅಚ್ಚು ಹಾಕಿದ್ದೀಯಲ್ಲ."

ಶನಿವಾರ ಯಾರೂ ಬಂದು ಬೈಯಲಿಲ್ಲ, ಕಲ್ಲೆಸೆಯಲಿಲ್ಲ. ನಲ್ಲಿಯ ಹತ್ತಿರ ಜನ ಅವನಿಗೆ ಜಾಗ ಬಿಟ್ಟುಕೊಡತೊಡಗಿದರು, ಹೆಣಕ್ಕೆ ದಾರಿ ಬಿಟ್ಟ ಹಾಗೆ. ಭಾನುವಾರ ನ್ಜಿಮಾ ಬೇಲಿಯ ಪಕ್ಕ ಹಾದುಹೋಗುತ್ತ ಟೋಪಿ ತೆಗೆದ. "ನಮಸ್ಕಾರ, ಕಫುಲ ಅವರೇ. ಆರೋಗ್ಯವಾಗಿದೀರಾ?" ಎಂದು ಮೆಲ್ಲಗೆ ಕೇಳಿ ನಡೆದುಬಿಟ್ಟ. ಮೂವತ್ತು ವರ್ಷದಲ್ಲಿ ಅವನು ಲಮೆಕನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಲಮೆಕ್ ಬೇಲಿಗೂಟ ಹಿಡಿದುಕೊಂಡು ನಿಂತ. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮುಂದಿನ ಸೋಮವಾರ ನಲವತ್ತೊಂದು ಅಂಕಿ ಬಂದವು. ಅವುಗಳಲ್ಲಿ ಮೂವತ್ತೆಂಟು ಅದೇ 6208. ಹನ್ನೊಂದು ಸಾವಿರ ಹಾಡಿದ್ದರೂ ಜನಕ್ಕೆ ಒಂದೇ ಬೇಕಾಯಿತು. ಅವನು ಮತ್ತೆ ಬರೆದ: ಆ ಒಂಬತ್ತು ಗಂಟೆ ಕುರ್ಚಿಯಲ್ಲೇ ಕೂತಿದ್ದು, ರೇಡಿಯೊದ ತಂತಿ ಕಚ್ಚಿ ಕತ್ತರಿಸಿ ಕೋಟಿನ ಜೇಬಿಗಿಳಿಸಿದ್ದು. ಅದರ ಮುಂದಿನ ವಾರವೂ ಅದೇ ಅಂಕಿ. ಸಿಕಾಜ್ವೆಯ ಮಣ್ಣಿಗೆ ಹೋಗಿ ಹಿಂದೆ ಮರದ ಮರೆಯಲ್ಲಿ ನಿಂತದ್ದನ್ನು ಬರೆದ. ನಾಲ್ಕನೆಯ ವಾರ ಬರೆಯಲು ಏನೂ ಉಳಿಯಲಿಲ್ಲ.

ಅವನು ನ್ಜಿಮಾನ ಮನೆಗೆ ಹೋದ. ನ್ಜಿಮಾ ಸ್ಟೂಲು ಕೊಟ್ಟ, ತಾನು ನಿಂತೇ ಇದ್ದ.

"ಒಳಗೆ ಏನಾಯ್ತು ಹೇಳು," ಎಂದ ಲಮೆಕ್.

"ಪತ್ರಿಕೆಗಾ?"

"ನನಗೆ."

ನ್ಜಿಮಾ ಬಾಗಿಲತ್ತ ಮುಖ ಮಾಡಿದ. "ಟೋಪಿ ದೀಪಗಳನ್ನ ಆರಿಸ್ತಾ ಬಂದ್ವಿ, ಒಂದೊಂದಾಗಿ. ಉಳಿಸ್ಬೇಕಲ್ಲ. ಕತ್ತಲಲ್ಲಿ ಸಿಕಾಜ್ವೆ ಉಸಿರು ಮಾತ್ರ ಕೇಳ್ತಿತ್ತು, ತೂತು ಬಿದ್ದ ತಿದಿ ಥರ. ಎಲ್ರೂ ಅದನ್ನೇ ಕೇಳ್ತಾ ನಿಂತಿದ್ವಿ, ಕೂರೋಕೆ ಜಾಗ ಇರ್ಲಿಲ್ಲ. ಉಸಿರು ನಿಂತಾಗ ನನ್ನ ಭುಜದ ಮೇಲೇ ಒರಗಿದ್ದ. ಅದಾದ್ಮೇಲೂ ಭುಜದ ಮೇಲೇ ಇದ್ದ, ಮೇಲೆ ಬರೋವರ್ಗೂ." ತಿರುಗಿದ. "ಕೈ ತಡವಾಯ್ತಾ ನಿಂದು?"

"ಗೊತ್ತಿಲ್ಲ."

"ಗೊತ್ತಿಲ್ಲಾಂದ್ರೆ?"

"ಹಳಿಯೋ, ಹಾಡೋ, ಗೊತ್ತಿಲ್ಲ. ಮೂವತ್ತು ವರ್ಷದಿಂದ ಕೇಳ್ಕೋತಿದೀನಿ."

"ಹಾಗಾದ್ರೆ ಅಷ್ಟೇ ಬರಿ," ಎಂದ ನ್ಜಿಮಾ. ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ.

ಆ ಶನಿವಾರದ ಅಂಕಣದಲ್ಲಿ ಎರಡೇ ಸಾಲಿದ್ದವು: ಹಾಡು ಎಡಗಿವಿಯಲ್ಲಿತ್ತು, ಕೈ ತಡವಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಅಂಕಿ ಬಂದಾಗಲೆಲ್ಲ ಅವನು ಅದೇ ಎರಡು ಸಾಲು ಕೊಟ್ಟ. ಅಂಕಣ ನಿಲ್ಲಿಸೋಣವೇ ಎಂದು ಮುಸೋಲೆ ಕೇಳಿದಳು, ಅವನು ಬೇಡವೆಂದ. ನಿಲ್ಲಿಸಿದರೆ ಬಾಯಿ ಮುಚ್ಚಿಕೊಂಡ ಹಾಗಾಗುತ್ತದೆ, ನಡೆಸಿದರೆ ಸೋಮವಾರದ ಆ ಚೀಟಿ ತಪ್ಪುವುದಿಲ್ಲ. ನರ್ಸು ತಪ್ಪಾಯಿತೆಂದು ಉದ್ದದ ಪತ್ರ ಬರೆದಳು. ಯಾರ ಫೋನಿನಲ್ಲಾದರೂ ಆ ಅಂಕಿ ಇದ್ದೇ ಇರುತ್ತಿತ್ತು ತಾಯೀ ಎಂದು ಅವಳಿಗೆ ಉತ್ತರಿಸಿದ.

ಮಳೆಗಾಲದ ಹೊತ್ತಿಗೆ ಚೀಟಿಯಲ್ಲಿ ಬೇರೆ ಅಂಕಿಗಳೂ ಕಾಣಿಸಿಕೊಳ್ಳತೊಡಗಿದವು, ಹತ್ತರಲ್ಲಿ ಮೂರೋ ನಾಲ್ಕೋ. ಲಮೆಕ್ ಮೇಜಿನ ಮುಂದೆ ಕೂತು ಮೊದಲು ಅವನ್ನು ಬರೆದು ಮುಗಿಸುತ್ತಿದ್ದ. ಆಮೇಲೆ ಆ ಅಂಕಿಯಿದ್ದ ಒಂಬತ್ತನೆಯ ಪುಸ್ತಕ ಎಳೆದುಕೊಳ್ಳುತ್ತಿದ್ದ. ಬೆನ್ನು ಮುರಿದಿದ್ದ ಆ ಪುಸ್ತಕದಲ್ಲಿ ಈಗ ಪುಟ ಹುಡುಕುವ ಕೆಲಸವೇ ಇರಲಿಲ್ಲ. ಎಲ್ಲಿ ಬಿಚ್ಚಿದರೂ ಅದು ಅಲ್ಲಿಗೇ ತೆರೆದುಕೊಳ್ಳುತ್ತಿತ್ತು.