ಬ್ನೇದ್ ಅಲ್ ಗಾರ್‌ನಲ್ಲಿ ಸಮುದ್ರಕ್ಕೆ ಬೈದದ್ದು

ನಮ್ಮ ಕಟ್ಟಡದ ಮುಂದೆ ಇವತ್ತು ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ. ಕಿಟಕಿ ಮುಚ್ಚಿದರೂ ವಾಸನೆ ಒಳಗೆ ಬಂದು ಕೂತಿದೆ. ನೀವಾದರೆ ಮೂಗು ಮುಚ್ಚಿಕೊಳ್ಳುತ್ತೀರಿ. ನನಗೆ ಎದೆ ಡವಡವ ಎನ್ನುತ್ತದೆ ಮಾರಾಯ್ರೆ.

ಕುವೈತಿನ ಈ ಬ್ನೇದ್ ಅಲ್ ಗಾರ್‌ಗೆ ನಾನು ಹೊಸಬಳಾಗಿದ್ದಾಗಿನ ಮಾತು. ಒಂದು ಶುಕ್ರವಾರ ನಮ್ಮವರು ಗೆಳೆಯರೊಡನೆ ಸಣ್ಣ ಬೋಟಿನಲ್ಲಿ ಮೀನಿಗೆ ಹೋದರು. ಮಲ್ಪೆಯಲ್ಲಿ ಹುಟ್ಟಿದವರಿಗೆ ಗಾಳ ಕಂಡರೆ ಕೈ ತುರಿಸುತ್ತದೆ, ಏನು ಮಾಡುವುದು! ಮಧ್ಯಾಹ್ನದ ಊಟಕ್ಕೆ ಬರುತ್ತೇನೆಂದವರು ಬರಲಿಲ್ಲ. ಬಂದದ್ದು ಧೂಳಿನ ಗಾಳಿ. ಎದುರಿನ ಕಟ್ಟಡವೇ ಕಾಣದಾಯಿತು. ಅವರ ಫೋನು ಹತ್ತುತ್ತಿಲ್ಲ. ಕೋಸ್ಟ್ ಗಾರ್ಡಿನವರು ಹುಡುಕುತ್ತಿದ್ದೇವೆ ಎಂದಷ್ಟೇ ಹೇಳಿದರು.

ನಮ್ಮೂರಲ್ಲಿ ಸಮುದ್ರ ಮುನಿದರೆ ಹಾಲೆರೆದು, ತೆಂಗಿನಕಾಯಿ ಬಿಟ್ಟು ಕೈಮುಗಿಯುವುದು ಕ್ರಮ. ಫ್ರಿಜ್ಜಿನಲ್ಲಿದ್ದ ಹಾಲು, ಚಟ್ನಿಗೆಂದು ತಂದ ಕಾಯಿ ಹಿಡಿದು ದಡಕ್ಕೆ ಓಡಿದೆ. ನನ್ನ ಹಿಂದೆಯೇ ಬಂದರು ಉಮ್ಮು ಖಾಲಿದ್, ಮನೆ ಮಾಲೀಕನ ಮುದಿ ತಾಯಿ. ಅವರಿಗೆ ಮುರುಕು ಹಿಂದಿ ಬರುತ್ತಿತ್ತು.

"ಏನದು ಕೈಯಲ್ಲಿ?"

"ಸಮುದ್ರಕ್ಕೆ, ಅಜ್ಜಿ."

"ತಪ್ಪು ಮಾಡಿದವನಿಗೆ ಹಾಲು ಕುಡಿಸ್ತಾರಾ ಮಗಳೇ? ಈ ಜಾಗದ ಹೆಸರು ಗೊತ್ತಾ ನಿಂಗೆ? ಬ್ನೇದ್ ಅಂದ್ರೆ ಪುಟ್ಟ ಬಂದರು, ಗಾರ್ ಅಂದ್ರೆ ಡಾಂಬರು. ಹಡಗಿಗೆ ಬಳಿಯೋ ಡಾಂಬರು ಇಲ್ಲೇ ಇಳೀತಿತ್ತಂತೆ. ಬಳಿದು ಕಳಿಸಿದ ಹಡಗು ವಾಪಸ್ ಬರದಿದ್ರೆ ನಾವು ಹೆಂಗಸರು ಖರ್ಜೂರದ ಗರಿಯಲ್ಲಿ ನೀರಿಗೆ ಬಾರಿಸಿ ಬೈತಿದ್ವಿ. ಯಲ್ಲಾ, ಶುರು ಮಾಡು, ಬೈ!"

ಗರಿ ಎಲ್ಲಿಂದ ತರುವುದು? ತಮ್ಮ ಚಪ್ಪಲಿಯನ್ನೇ ತೆಗೆದು ನನ್ನ ಕೈಗಿತ್ತರು.

ಹುಟ್ಟಿದಂದಿನಿಂದ ಕೈಮುಗಿದ ನೀರು ಅದು. ತಪ್ಪಾಯಿತೆಂದು ಒಮ್ಮೆ ನಮಸ್ಕರಿಸಿಯೇ ಚಪ್ಪಲಿ ಎತ್ತಿದೆ. ಒಂದೇಟು ಬಿದ್ದದ್ದೇ ಬಾಯಿ ಬಿಚ್ಚಿತು ನೋಡಿ! ಮೀನು ಮಾರುವ ನಮ್ಮ ಹೆಂಗಸರ ಬಾಯಲ್ಲಿ ಕೇಳಿದ ತುಳು ಬೈಗಳೆಲ್ಲ ಹೊರಬಂದವು. ಬೈಯುತ್ತ ಅತ್ತೆ, ಅಳುತ್ತ ಬೈದೆ. ಗಂಟಲು ಬಿದ್ದ ಮೇಲೆ ಕೇಳಿದೆ:

"ನೀವು ಯಾರಿಗಾಗಿ ಬೈದಿದ್ರಿ, ಅಜ್ಜಿ?"

"ನಮ್ಮಪ್ಪನಿಗಾಗಿ. ನಿಮ್ಮ ಕರಾವಳಿಗೇ ಮರ ತರೋಕೆ ಹೋಗಿದ್ದ."

"ಬಂದ್ರಾ?"

ಅವರು ಚಪ್ಪಲಿ ಇಸಿದುಕೊಂಡು ನೀರಿಗೆ ಇನ್ನೊಂದೇಟು ಹಾಕಿದರು.

ಕತ್ತಲಾಗುವ ಮೊದಲು ಫೋನು ಬಂತು. ಇಂಜಿನ್ ಕೆಟ್ಟ ಬೋಟನ್ನು ಕೋಸ್ಟ್ ಗಾರ್ಡಿನವರು ಎಳೆದು ತಂದಿದ್ದರು. ಮೈತುಂಬ ಧೂಳು ಹೊತ್ತು ಮನೆಗೆ ಬಂದ ನಮ್ಮವರ ಮೊದಲ ಮಾತು, "ಊಟ ಉಂಟಾ?" ಅದೇ ಚಪ್ಪಲಿಯಲ್ಲಿ ಅವರಿಗೂ ಒಂದು ಕೊಡಬೇಕೆನಿಸಿತು.

ಉಮ್ಮು ಖಾಲಿದ್ ತೀರಿಕೊಂಡು ಕೆಲವು ವರ್ಷಗಳಾದವು. ಈಗ ಈ ವಾಸನೆಗೆ ಕೂತಲ್ಲಿ ಕೂರಲಾಗದೆ ಎದ್ದು ಚಪ್ಪಲಿ ಮೆಟ್ಟಿದೆ. ಸೋಫಾದಲ್ಲಿ ಒರಗಿ ಕ್ರಿಕೆಟ್ ನೋಡುತ್ತಿದ್ದ ನಮ್ಮವರು ತಲೆ ಎತ್ತಿದರು.

"ಪುನಃ ಸಮುದ್ರಕ್ಕೆ ಬೈಲಿಕ್ಕಾ? ನಾನು ಇಲ್ಲೇ ಇದ್ದೇನಲ್ಲ ಮಾರಾಯ್ತಿ!"

"ನೀವಿದ್ದೀರಿ," ಎಂದೆ. "ಅಜ್ಜಿಯ ಅಪ್ಪ ಇನ್ನೂ ಬರಲಿಲ್ಲ."